ಓಜ್ ದೇಶದ ಮಾಂತ್ರಿಕನು ಕೊಟ್ಟ ಯೋಗ್ಯತಾಪತ್ರ

ಅದ್ಭುತ ಕಥೆಗಳನ್ನು ಮಕ್ಕಳಿಗೆ ಓದಿಸುವುದರಿಂದಲೂ ಅಂಥ ಚಿತ್ರಗಳನ್ನು ತೋರಿಸುವುದರಿಂದಲೂ ಪ್ರಯೋಜನವೇನೆಂದು ಕೆಲವು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಪರೀಕ್ಷೆಗೆ ಬಾರದ ವಿಷಯಕ್ಕೆ ವೇಳೆಯನ್ನು ಕಳೆಯಬಾರದೆಂಬುದು ಅವರ ಅಭಿಪ್ರಾಯ. ಈ ಪ್ರಶ್ನೆಗೆ ‘ಓಜ್ ದೇಶದ ಮಾಂತ್ರಿಕ’ನೆಂಬ ಪ್ರಸಿದ್ಧ ಸಂಗೀತ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಉತ್ತರ ಹೇಳಲು ಯತ್ನಿಸುತ್ತೇವೆ.

ಈ ಕಥೆಯನ್ನು ಬರೆದವನು ಅಮೆರಿಕಾ ದೇಶದ ಫ್ರಾಂಕ್ ಬಾಮ್ ಎಂಬ ಗ್ರಂಥಕರ್ತನು. ಅವನ ಪುಸ್ತಕವು ೧೯೦೦ರಲ್ಲಿ ಷಿಕಾಗೋ ಪಟ್ಟಣದಲ್ಲಿ ಪ್ರಕಟವಾಯಿತು. ನೀತಿಬೋಧೆಗಾಗಿ ಅಲ್ಲ, ಕೇವಲ ಮಕ್ಕಳ ಸಂತೋಷಕ್ಕಾಗಿ ಬರೆದೆನೆಂದು ಅವನು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಅವನು ೧೯೧೯ರಲ್ಲಿ ತೀರಿಕೊಂಡನು. ಅದಾಗಿ ಇಪ್ಪತ್ತು ವರ್ಷಗಳ ಮೇಲೆ, ೧೯೩೯ರಲ್ಲಿ, ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯವರು ಈ ಚಿತ್ರವನ್ನು ಹೊರತಂದರು. ನಿರ್ದೇಶಕನಾಗಿ ಹೆಸರು ಪಡೆದವನು ವಿಕ್ಟರ್ ಫ್ಲೆಮಿಂಗ್. ಹಾಡುಗಳಿಗೆ ರಾಗವನ್ನು ಕೂಡಿಸಿದವನು ಹೆರಾಲ್ಡ್ ಆರ್ಲೆನ್. ಕಥಾನಾಯಕಿಯಾದ ಡೊರೋಥಿಯ ಪಾತ್ರವನ್ನು ವಹಿಸಿದವಳು ಆಗ ಹದಿನಾರು ವರ್ಷದವಳಾಗಿದ್ದ ಜೂಡಿ ಗಾರ್ಲೆಂಡ್.

ಡೊರೋಥಿಯು ಕ್ಯಾನ್ಸಾಸ್ ಸೀಮೆಯ ಬಯಲಿನಲ್ಲಿ ಚಿಕ್ಕಪ್ಪ ಚಿಕ್ಕಮ್ಮಂದಿರ ಆಶ್ರಯದಲ್ಲಿ ಬೆಳೆಯುತ್ತಿದ್ದ ಅನಾಥೆ. ಸುಂಟರಗಾಳಿಯೊಂದು ಅವಳನ್ನು ಮನೆಸಮೇತ ಎತ್ತಿಕೊಂಡು ಹೋಗಿ ಓಜ್ ದೇಶದಲ್ಲಿ ಇಳಿಸುತ್ತದೆ. ಚಿತ್ರದಲ್ಲಿ ಕ್ಯಾನ್ಸಾಸ್ ಭಾಗವೆಲ್ಲಾ ಮಾಸಿದ ಕಂದುಬಣ್ಣದಲ್ಲಿದೆ. ಹುಡುಗಿಯು ಬಾಗಿಲನ್ನು ತೆರೆದೊಡನೆ ಹೊರಗೆ ಸಕಲ ವರ್ಣಗಳೂ ಬೆಳಗುತ್ತವೆ. ಆ ಕಾಲದ ವರ್ಣಚಿತ್ರ ಯಂತ್ರವು ಬೆಳಕನ್ನು ಒಡೆದು ಮೂರು ಬೇರೆ ಬೇರೆ ಫಿಲ್ಮ್ ಪಟ್ಟಿಗಳ ಮೇಲೆ ಏಕಕಾಲದಲ್ಲಿ ಮುದ್ರಿಸುತ್ತಿತ್ತು. ಅದಕ್ಕಾಗಿ ಅತ್ಯಂತ ಪ್ರಖರವಾದ ದೀಪಗಳು ಬೇಕಾಗುತ್ತಿದ್ದವು. ಪುಸ್ತಕದಲ್ಲಿ ಬೆಳ್ಳಿಯದಾಗಿದ್ದ ಪಾದರಕ್ಷೆಯು ಚಿತ್ರದಲ್ಲಿ ಮಾಣಿಕ್ಯದ ಕೆಂಪಾದದ್ದು ಈ ವರ್ಣವೈಭವದ ನಿಮಿತ್ತವೇ.

ಚಿಕ್ಕ ಮಕ್ಕಳು ಇದರೊಳಗಿನ ದುಷ್ಟ ಮಾಟಗಾತಿಯನ್ನು ಕಂಡು ಹೆದರುವುದು ನಿಜ. ಆ ಪಾತ್ರವನ್ನು ವಹಿಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬಾಕೆಯು ನಟಿಯಾಗುವುದಕ್ಕೆ ಮೊದಲು ಶಿಶುವಿಹಾರದ ಉಪಾಧ್ಯಾಯಿನಿಯಾಗಿದ್ದಳು. ೧೯೭೫ರಲ್ಲಿ ಆಕೆಯು ಮಕ್ಕಳ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡು, ಅದೆಲ್ಲಾ ಬರಿಯ ವೇಷವೆಂದು ಮಕ್ಕಳಿಗೆ ಪ್ರೀತಿಯಿಂದ ತಿಳಿಯಹೇಳಿದಳು. ತಂದೆತಾಯಿಗಳು ಮಕ್ಕಳ ಪಕ್ಕದಲ್ಲಿ ಕುಳಿತು ಇದೇ ಮಾತನ್ನು ಹೇಳಿದರೆ ಸಾಕು.

ಮನೆಗೆ ಹಿಂದಿರುಗುವ ದಾರಿಯನ್ನು ತಿಳಿಯಲು ಡೊರೋಥಿಯು ಪಚ್ಚೆಯ ಪಟ್ಟಣದ ಮಾಂತ್ರಿಕನ ಬಳಿಗೆ ಹೊರಡುತ್ತಾಳೆ. ದಾರಿಯಲ್ಲಿ ಮೂವರು ಜೊತೆಗೂಡುತ್ತಾರೆ. ಹೊಲದ ಬೆದರುಬೊಂಬೆಗೆ ಬುದ್ಧಿ ಬೇಕು, ತಗಡಿನ ಮನುಷ್ಯನಿಗೆ ಹೃದಯ ಬೇಕು, ಹೇಡಿಯಾದ ಸಿಂಹಕ್ಕೆ ಧೈರ್ಯ ಬೇಕು. ಆದರೆ ಪುಸ್ತಕವನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿಯು ಗೋಚರವಾಗುತ್ತದೆ. ದಾರಿಯಲ್ಲಿ ಆಳವಾದ ಕಂದಕವು ಅಡ್ಡವಾದಾಗ, ಮರವನ್ನು ಕಡಿದು ಸೇತುವೆ ಮಾಡೋಣವೆಂದು ಉಪಾಯ ಹೇಳಿದವನು ಬುದ್ಧಿಯಿಲ್ಲದ ಬೆದರುಬೊಂಬೆ! ತಿಳಿಯದೆ ಒಂದು ಹುಳುವನ್ನು ತುಳಿದೆನೆಂದು ಕಣ್ಣೀರಿಟ್ಟವನು ಹೃದಯವಿಲ್ಲದ ತಗಡಿನ ಮನುಷ್ಯ! ಕ್ರೂರಮೃಗಗಳು ಬೆನ್ನಟ್ಟಿ ಬಂದಾಗ ಮಿಕ್ಕವರನ್ನು ಹಿಂದಿರಿಸಿ ತಾನು ಮುಂದೆ ನಿಂತದ್ದು ಹೇಡಿ ಸಿಂಹ!

ಕಡೆಗೆ ಆ ಮಾಂತ್ರಿಕನು ಮಂತ್ರವನ್ನರಿಯದ ಸಾಮಾನ್ಯ ಮನುಷ್ಯನೆಂದು ಬಯಲಾಗುತ್ತದೆ. ಆದರೂ ಅವನು ಮೂವರನ್ನೂ ಬರಿಗೈಯಲ್ಲಿ ಕಳುಹಿಸುವುದಿಲ್ಲ. ಪುಸ್ತಕದಲ್ಲಿ ಬೆದರುಬೊಂಬೆಯ ತಲೆಗೆ ತೌಡನ್ನೂ ಸೂಜಿಗಳನ್ನೂ ತುಂಬುತ್ತಾನೆ. ಚಿತ್ರದಲ್ಲಿಯಾದರೋ ಒಂದು ಯೋಗ್ಯತಾಪತ್ರವನ್ನು ಕೊಡುತ್ತಾನೆ. ಅದನ್ನು ಕೈಗೆ ತೆಗೆದುಕೊಂಡೊಡನೆ ಬೆದರುಬೊಂಬೆಯು ಬಹು ಗಂಭೀರವಾಗಿ ರೇಖಾಗಣಿತದ ಪ್ರಮೇಯವೊಂದನ್ನು ಒಪ್ಪಿಸುತ್ತಾನೆ. ಆದರೆ ಆ ಪ್ರಮೇಯವು ತಪ್ಪು! ಲಂಬಕೋನ ತ್ರಿಭುಜಕ್ಕೆ ಹೇಳಬೇಕಾದದ್ದನ್ನು ಸಮದ್ವಿಬಾಹು ತ್ರಿಭುಜಕ್ಕೂ, ವರ್ಗಗಳಿಗೆ ಹೇಳಬೇಕಾದದ್ದನ್ನು ವರ್ಗಮೂಲಗಳಿಗೂ ಹೇಳಿಬಿಡುತ್ತಾನೆ. ಕಾಗದವಿಲ್ಲದಾಗ ಸರಿಯಾಗಿ ಆಲೋಚಿಸಿದವನು ಕಾಗದ ಬಂದಮೇಲೆ ತಪ್ಪು ಹೇಳಿದನು. ನಮ್ಮ ಗಣಿತದ ತರಗತಿಯ ಹುಡುಗಿಯರು ಈ ತಪ್ಪನ್ನು ತಾವೇ ಹಿಡಿಯಲಿ.

ವರ್ಷವರ್ಷವೂ ಯೋಗ್ಯತಾಪತ್ರಗಳಿಗೆ ಸಹಿ ಹಾಕುವ ನಾವು ಅವುಗಳನ್ನು ಹೀಗಳೆಯುವವರಲ್ಲ. ಕಾಲೇಜಿನ ಬಾಗಿಲನ್ನೂ ಉದ್ಯೋಗದ ಬಾಗಿಲನ್ನೂ ತೆರೆಯಲು ಅವು ಬೇಕೇ ಬೇಕು. ಆದರೆ ಯೋಗ್ಯತಾಪತ್ರವು ಇರುವ ಯೋಗ್ಯತೆಗೆ ಸಾಕ್ಷಿಯೇ ಹೊರತು ಯೋಗ್ಯತೆಯನ್ನು ಹುಟ್ಟಿಸುವಂಥದ್ದಲ್ಲ. ಒಂದು ವಿಷಯದಲ್ಲಿ ತಪ್ಪಿಹೋದ ಹುಡುಗಿಯನ್ನು ಮನೆಯವರು ದಡ್ಡಿಯೆಂದು ಕರೆದು, ಅವಳೂ ಅದನ್ನೇ ನಂಬಿ, ಓದಿಗೆ ಶರಣು ಹೊಡೆದದ್ದನ್ನು ನಾವು ಕಂಡಿದ್ದೇವೆ. ಅಂಥವಳೇ ಮನೆಯಲ್ಲಿ ಕಾಯಿಲೆ ಬಿದ್ದ ತಾಯಿಯನ್ನು ಆರೈಕೆ ಮಾಡಿ, ತಮ್ಮ ತಂಗಿಯರಿಗೆ ಪಾಠ ಹೇಳಿ, ಖರ್ಚಿನ ಲೆಕ್ಕವನ್ನು ಕಾಸು ತಪ್ಪದೆ ಇಟ್ಟದ್ದನ್ನೂ ಕಂಡಿದ್ದೇವೆ. ಅವಳಿಗೆ ಬುದ್ಧಿಯಿಲ್ಲವೆಂದು ಹೇಳುವವರು ಯಾರು?

ಹಾಗಾದರೆ ಶಾಲೆಯೇಕೆ ಎಂದು ಕೇಳಬಹುದು. ಡೊರೋಥಿಯ ಪಾದರಕ್ಷೆಗಳಿಗೆ ಅವಳನ್ನು ಮನೆಗೆ ಒಯ್ಯುವ ಶಕ್ತಿಯು ಮೊದಲಿನಿಂದಲೂ ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದು ಮೊದಲನೆಯ ದಿನವೇ ಹಿಂದಿರುಗಿದ್ದರೆ, ಬೆದರುಬೊಂಬೆಯು ಹೊಲದ ಕಂಬದ ಮೇಲೆಯೇ ಇರುತ್ತಿದ್ದನು, ತಗಡಿನ ಮನುಷ್ಯನು ಕಾಡಿನಲ್ಲಿ ತುಕ್ಕುಹಿಡಿದು ನಿಂತೇ ಇರುತ್ತಿದ್ದನು. ದಾರಿಯನ್ನು ಜೊತೆಯಾಗಿ ನಡೆದದ್ದರಿಂದಲೇ ಪ್ರತಿಯೊಬ್ಬರಲ್ಲಿ ಅಡಗಿದ್ದದ್ದು ಹೊರಗೆ ಬಂತು. ಶಾಲೆಯೆಂದರೆ ಅಂಥ ದಾರಿ.

ಮನೆಗಿಂತ ಉತ್ತಮವಾದ ಸ್ಥಳವಿಲ್ಲವೆಂಬುದು ಚಿತ್ರದ ಕೊನೆಯ ಮಾತು; ಅದರಲ್ಲಿ ಪ್ರಯಾಣವೆಲ್ಲಾ ಕನಸೆಂಬಂತೆ ತೋರಿಸಿದ್ದಾರೆ. ಹೆಣ್ಣುಮಕ್ಕಳು ಹೊಸಲು ದಾಟಬಾರದೆಂದು ಇದಕ್ಕೆ ಅರ್ಥ ಮಾಡಬೇಡಿರಿ. ಬಾಮನ ಪುಸ್ತಕದಲ್ಲಿ ಪ್ರಯಾಣವು ಕನಸಲ್ಲ, ನಿಜ. ೧೯೧೦ರಲ್ಲಿ ಅವನು ಬರೆದ ಆರನೆಯ ಓಜ್ ಪುಸ್ತಕದಲ್ಲಿ, ಸಾಲವನ್ನು ತೀರಿಸಲಾರದೆ ಹೊಲಮನೆಗಳನ್ನು ಕಳೆದುಕೊಳ್ಳಲಿದ್ದ ಚಿಕ್ಕಪ್ಪ ಚಿಕ್ಕಮ್ಮಂದಿರನ್ನು ಡೊರೋಥಿಯೇ ಓಜ್ ದೇಶಕ್ಕೆ ಕರೆಸಿಕೊಂಡು ಅವರಿಗೆ ನೆಲೆಯಾಗುತ್ತಾಳೆ. ದೂರ ಹೋದ ಹುಡುಗಿಯೇ ಮನೆಗೆ ಆಸರೆಯಾದಳು.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇದನ್ನು ಬಾಳಿನಲ್ಲಿ ಮಾಡಿ ತೋರಿಸಿದ್ದೀರಿ. ತಂದೆತಾಯಿಗಳೇ, ನಿಮ್ಮ ಮಗಳ ಅಂಕಪಟ್ಟಿಯನ್ನು ನೋಡಿರಿ. ಆದರೆ ಅದಕ್ಕೆ ಮೊದಲು ಅವಳನ್ನು ನೋಡಿರಿ. ದೇವರು ಅವಳಿಗೆ ಒಪ್ಪಿಸಿದ ತಲಾಂತನ್ನು ನಾವಾಗಲಿ ನೀವಾಗಲಿ ನೆಲದಲ್ಲಿ ಹೂಳದಿರೋಣ.