ಕೂಸಿನ ಹಾಲಿನ ಲೆಕ್ಕ

ಮನೆಗೆ ಹೊಸ ಕೂಸು ಬರಲಿದೆಯೆಂದಾಗ ಕುಟುಂಬವು ಹಾಕಿಕೊಳ್ಳುವ ಖರ್ಚಿನ ಅಂದಾಜಿನಲ್ಲಿ ಕುಬುಸ, ಆಸ್ಪತ್ರೆ, ಬಟ್ಟೆಬರೆ, ತೊಟ್ಟಿಲು ಕಾರ್ಯ, ಬೆಳ್ಳಿಯ ಉಡಿದಾರ ಎಲ್ಲಕ್ಕೂ ಜಾಗವಿರುತ್ತದೆ. ಎದೆಹಾಲಿಗೆ ಮಾತ್ರ ಒಂದು ಸಾಲೂ ಇರುವುದಿಲ್ಲ, ಏಕೆಂದರೆ ಅದು ಬಿಟ್ಟಿ ಸಿಗುವ ವಸ್ತುವೆಂಬ ಭಾವನೆ ಗಟ್ಟಿಯಾಗಿ ಬೇರೂರಿದೆ. ಶರೀರಶಾಸ್ತ್ರವು ಈ ಭಾವನೆಯನ್ನು ಒಪ್ಪುವುದಿಲ್ಲ. ಎದೆಹಾಲು ತಾಯಿ ಉಂಡ ಅನ್ನದಿಂದಲೂ ಆಕೆಯ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೂ ತಯಾರಾಗುತ್ತದೆ, ಅದನ್ನು ಕುಡಿಸಲು ದಿನಕ್ಕೆ ಮೂರು ನಾಲ್ಕು ಗಂಟೆಗಳ ವೇಳೆ ಹಿಡಿಯುತ್ತದೆ, ಮತ್ತು ಈ ಎರಡಕ್ಕೂ ಬೆಲೆಯಿದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಜೋಳ, ತೊಗರಿ, ಹೆಸರು, ಉದ್ದು ಬೆಳೆಯುವ ರೈತರ ಜೊತೆಗೆ, ಹೆದ್ದಾರಿಯ ಒಂದು ತುದಿಗೆ ಪುಣೆಗೂ ಇನ್ನೊಂದು ತುದಿಗೆ ಹೈದರಾಬಾದಿಗೂ ದುಡಿಯಲು ಹೋಗುವ ಕೂಲಿ ಕುಟುಂಬಗಳೂ ಇರುವುದರಿಂದ, ಈ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಇಲ್ಲಿ ನೇರವಾಗಿ ಎದುರಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸ್ಪಷ್ಟವಾಗಿದೆ: ಹೆರಿಗೆಯಾದ ಒಂದು ಗಂಟೆಯೊಳಗೆ ಹಾಲೂಡಿಸಲು ಆರಂಭಿಸಬೇಕು, ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರನ್ನೂ ಕೊಡಬಾರದು, ಆಮೇಲೆ ಮೆತ್ತಗಿನ ಊಟದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲು ಮುಂದುವರಿಯಬೇಕು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ ಕೂಸುಗಳಲ್ಲಿ ನೂರಕ್ಕೆ 63.7ರಷ್ಟು ಮಾತ್ರ ಕೇವಲ ಎದೆಹಾಲನ್ನು ಕುಡಿಯುತ್ತಿದ್ದವು. ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಸಿಕ್ಕವು 41.8ರಷ್ಟು. ಹತ್ತರಲ್ಲಿ ಒಂಬತ್ತರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿರುವ ಕಾಲದಲ್ಲಿ ಈ ಎರಡನೆಯ ಅಂಕಿ ಆಸ್ಪತ್ರೆಗಳಿಗೆ ಶೋಭೆ ತರುವಂಥದ್ದಲ್ಲ.

ಮೊದಲು ಆಹಾರದ ಲೆಕ್ಕ. ಒಂದು ತಿಂಗಳು ದಾಟಿದ ಕೂಸು ದಿನಕ್ಕೆ ಸರಾಸರಿ 750 ಮಿಲಿಲೀಟರ್ ಎದೆಹಾಲು ಕುಡಿಯುತ್ತದೆ. ಪ್ರತಿ 100 ಮಿಲಿಲೀಟರಿನಲ್ಲಿ ಸುಮಾರು 67 ಕಿಲೊಕ್ಯಾಲರಿ ಶಕ್ತಿಯಿರುವುದರಿಂದ, ಅಷ್ಟು ಹಾಲಿನ ಮೂಲಕ 500 ಕಿಲೊಕ್ಯಾಲರಿ ತಾಯಿಯ ದೇಹದಿಂದ ಹೊರಹೋಗುತ್ತದೆ. ಆಹಾರವನ್ನು ಹಾಲಾಗಿ ಮಾರ್ಪಡಿಸುವಾಗ ಐದನೇ ಒಂದು ಭಾಗದಷ್ಟು ಶಕ್ತಿ ಆ ಕೆಲಸಕ್ಕೇ ವ್ಯಯವಾಗುವುದನ್ನೂ ಸೇರಿಸಿದರೆ ಖರ್ಚು 600ನ್ನು ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೊಕ್ಯಾಲರಿ ಶಕ್ತಿಯೂ ಸುಮಾರು 17 ಗ್ರಾಂ ಪ್ರೋಟೀನೂ ಹೆಚ್ಚುವರಿಯಾಗಿ ಬೇಕೆಂದು ಹೇಳುವುದು ಈ ಕಾರಣದಿಂದಲೇ.

ಇದನ್ನು ಬಸವಕಲ್ಯಾಣದ ಸಂತೆಯ ಸಾಮಾನಿನ ಮಾತಿನಲ್ಲಿ ಹೇಳುವುದಾದರೆ, 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 30 ಗ್ರಾಂ ತೊಗರಿ ಬೇಳೆ ಮತ್ತು 30 ಗ್ರಾಂ ಶೇಂಗಾ ಸೇರಿದರೆ 590 ಕಿಲೊಕ್ಯಾಲರಿ ಶಕ್ತಿಯೂ 20 ಗ್ರಾಮಿಗಿಂತ ಹೆಚ್ಚು ಪ್ರೋಟೀನೂ ದೊರೆಯುತ್ತವೆ. ಜೋಳವನ್ನು ಕಿಲೋಗೆ 50 ರೂಪಾಯಿ, ಬೇಳೆ ಮತ್ತು ಶೇಂಗಾವನ್ನು 150 ರೂಪಾಯಿ ಎಂದು ಹಿಡಿದರೆ ಇದರ ಬೆಲೆ 14 ರೂಪಾಯಿ. ಒಂದು ಮೊಟ್ಟೆ, ಒಂದು ಹಿಡಿ ಸಬ್ಬಸಿಗೆ ಅಥವಾ ಮೆಂತ್ಯ ಪಲ್ಯೆ ಕೂಡಿಸಿದರೂ 25 ರೂಪಾಯಿಯೊಳಗೆ ಮುಗಿಯುತ್ತದೆ. ಆರು ತಿಂಗಳಿಗೆ ಸುಮಾರು 4,500 ರೂಪಾಯಿ. ಇದೇ ಅವಧಿಗೆ ಡಬ್ಬಿ ಹಾಲನ್ನು ನೆಚ್ಚಿದರೆ, ದಿನಕ್ಕೆ 750 ಮಿಲಿಲೀಟರಿನಂತೆ 135 ಲೀಟರ್ ಹಾಲು ಕಲಸಲು ಹದಿನೇಳೂವರೆ ಕಿಲೋ ಪುಡಿ, ಅಂದರೆ 400 ಗ್ರಾಮಿನ 44 ಡಬ್ಬಿಗಳು ಬೇಕು. ಡಬ್ಬಿಗೆ 400 ರೂಪಾಯಿಯೆಂದರೂ 17,600 ರೂಪಾಯಿಯಾಯಿತು. ನೀರು ಕುದಿಸುವ ಗ್ಯಾಸು, ಬಾಟಲಿ, ನಿಪ್ಪಲ್ಲು ಬೇರೆ.

ಈ ವ್ಯತ್ಯಾಸಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿದೆ. ಡಬ್ಬಿ ನಾಲ್ಕು ದಿನಕ್ಕೇ ಖಾಲಿಯಾಗುವುದನ್ನು ಕಂಡ ಬಡ ಕುಟುಂಬವು ಹೇಳಿದ್ದಕ್ಕಿಂತ ಕಡಿಮೆ ಚಮಚ ಪುಡಿ ಹಾಕಿ, ಹಾಲನ್ನು ತೆಳುಮಾಡಿ, ಡಬ್ಬಿಯನ್ನು ವಾರದವರೆಗೆ ಎಳೆಯುತ್ತದೆ. ಕೂಸಿನ ಹೊಟ್ಟೆ ತುಂಬುತ್ತದೆ, ಅಳು ನಿಲ್ಲುತ್ತದೆ, ತೂಕ ಮಾತ್ರ ಏರುವುದಿಲ್ಲ. ಆಕಳ ಹಾಲಿಗೆ ಸಮನಾಗಿ ನೀರು ಬೆರೆಸಿ ಕೊಡುವ ಪದ್ಧತಿಯಲ್ಲೂ ಇದೇ ದೋಷವಿದೆ. ಆಕಳ ಹಾಲಿನಲ್ಲಿ 100 ಮಿಲಿಲೀಟರಿಗೆ 3.2 ಗ್ರಾಂ ಪ್ರೋಟೀನ್ ಇದ್ದರೆ ಎದೆಹಾಲಿನಲ್ಲಿರುವುದು ಸುಮಾರು 1.1 ಗ್ರಾಂ, ಈ ಹೆಚ್ಚುವರಿ ಪ್ರೋಟೀನನ್ನೂ ಲವಣಗಳನ್ನೂ ಹೊರಹಾಕುವ ಶಕ್ತಿ ಎಳೆಯ ಮೂತ್ರಪಿಂಡಗಳಿಗೆ ಇಲ್ಲವೆಂದು ನೀರು ಬೆರೆಸಲಾಗುತ್ತದೆ, ಆದರೆ ಹಾಗೆ ಬೆರೆಸಿದೊಡನೆ ಶಕ್ತಿಯ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಈ ಭಾಗದ ಮನೆಗಳಲ್ಲಿ ಸುಲಭವಾಗಿ ಸಿಗುವ ಎಮ್ಮೆಯ ಹಾಲು ಇನ್ನೂ ಗಟ್ಟಿ. ಅದರ ಕೊಬ್ಬೇ ನೂರಕ್ಕೆ ಆರೇಳರಷ್ಟು. ಎರಡೂ ಹಾಲುಗಳಲ್ಲಿ ಕಬ್ಬಿಣಾಂಶ ತೀರ ಕಡಿಮೆ, ಮತ್ತು ಹಸಿ ಕರುಳಿಗೆ ಆಕಳ ಹಾಲು ಒಗ್ಗದೆ ಕಣ್ಣಿಗೆ ಕಾಣದಷ್ಟು ರಕ್ತ ಒಸರಿ ಹೋಗುವುದೂ ಉಂಟು; ವರ್ಷ ತುಂಬುವ ಮೊದಲು ಅವುಗಳನ್ನು ಮುಖ್ಯ ಆಹಾರವಾಗಿ ಕೊಡಬಾರದೆಂಬ ನಿಯಮದ ಹಿಂದೆ ಇರುವ ಕಾರಣಗಳಿವು.

ಹಾಗಿದ್ದೂ ಡಬ್ಬಿ ಮನೆಗೆ ಬರುವುದು ಬಹುಪಾಲು ‘ಹಾಲು ಸಾಲದು’ ಎಂಬ ಒಂದು ಮಾತಿನಿಂದ. ಕೂಸು ಚೀಪಿದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ: ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಗೆ ಒತ್ತುತ್ತದೆ. ರಾತ್ರಿ ಚೀಪಿಸಿದಾಗ ಪ್ರೊಲ್ಯಾಕ್ಟಿನ್ ಹೆಚ್ಚು ಸ್ರವಿಸುತ್ತದೆ. ನೋವು, ಭಯ, ಮನೆಮಂದಿಯ ಚುಚ್ಚುಮಾತು ಆಕ್ಸಿಟೋಸಿನ್ನನ್ನು ತಡೆಯುತ್ತವೆ. ಎದೆಯಲ್ಲಿ ಹಾಲು ಖಾಲಿಯಾಗದೆ ನಿಂತರೆ ಆ ಹಾಲಿನಲ್ಲೇ ಇರುವ ಒಂದು ಪ್ರತಿಬಂಧಕ ಅಂಶವು ಮುಂದಿನ ತಯಾರಿಕೆಯನ್ನು ಕುಗ್ಗಿಸುತ್ತದೆ. ಹೀಗಾಗಿ ‘ಸಾಲದು’ ಎಂದು ಒಂದು ಹೊತ್ತು ಬಾಟಲಿ ಕೊಟ್ಟರೆ ಆ ಹೊತ್ತಿನ ಚೀಪುವಿಕೆ ತಪ್ಪಿ, ಮರುದಿನ ಹಾಲು ನಿಜಕ್ಕೂ ಸಾಲದಾಗುತ್ತದೆ. ಮೊದಲ ವಾರ ದಾಟಿದ ಕೂಸು ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಹುಟ್ಟಿದ ಮೇಲೆ ಇಳಿದ ತೂಕವನ್ನು ಎರಡು ವಾರದೊಳಗೆ ಮರಳಿ ಪಡೆದಿದ್ದರೆ, ಹಾಲು ಸಾಲುತ್ತಿದೆಯೆಂದೇ ತಿಳಿಯಬೇಕು. ಅಳು ಇದಕ್ಕೆ ನಂಬಲರ್ಹವಾದ ಅಳತೆಯಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯ ಸುತ್ತ ಸುಳಿಯುವ ಈ ಸೀಮೆಯಲ್ಲಿ ‘ಕೂಸಿನ ಗಂಟಲು ಒಣಗುತ್ತದೆ’ ಎಂದು ನೀರು ಕುಡಿಸುವವರೂ ಉಂಟು, ಆದರೆ ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಬೇಸಿಗೆಯಲ್ಲೂ ಎದೆಹಾಲು ಕುಡಿಯುವ ಕೂಸಿಗೆ ಬೇರೆ ನೀರು ಬೇಕಿಲ್ಲವೆಂದು ಭಾರತದಲ್ಲೇ ನಡೆದ ಅಧ್ಯಯನವೊಂದು 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಬಜೆ, ಜಾಜಿಕಾಯಿ, ಅಳಲೆಕಾಯಿ ತೇಯ್ದು ನೆಕ್ಕಿಸುವ ಗುಟ್ಟಿಗೂ ಜೇನುತುಪ್ಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷದೊಳಗಿನ ಕೂಸಿನ ಕರುಳಲ್ಲಿ ಮೊಳೆತು ಪಾರ್ಶ್ವವಾಯುವಿನಂಥ ಸ್ಥಿತಿಯನ್ನು ತರಬಲ್ಲವು.

ತಾಯಿಯ ಊಟ ಕಡಿಮೆಯಾದರೆ ಹಾಲು ಕೆಡುತ್ತದೆಯೇ ಎಂಬುದಕ್ಕೆ ವಿಜ್ಞಾನ ಕೊಡುವ ಉತ್ತರ ಎರಡು ಬಗೆಯದು. ಹಾಲಿನ ಪ್ರೋಟೀನ್, ಲ್ಯಾಕ್ಟೋಸ್ ಎಂಬ ಸಕ್ಕರೆ, ಸುಣ್ಣಾಂಶ ಇವು ತಾಯಿ ಅರೆಹೊಟ್ಟೆ ಉಂಡರೂ ಹೆಚ್ಚು ಬದಲಾಗುವುದಿಲ್ಲ. ಕೊರತೆಯನ್ನು ಆಕೆಯ ಮೂಳೆ ಮತ್ತು ಸ್ನಾಯುಗಳೇ ತುಂಬಿಕೊಡುತ್ತವೆ, ಅಂದರೆ ನಷ್ಟ ಆಕೆಯ ಪಾಲಿಗೆ. ಆದರೆ ಬಿ ಗುಂಪಿನ ಹಲವು ಜೀವಸತ್ವಗಳು, ಎ ಜೀವಸತ್ವ ಮತ್ತು ಅಯೋಡಿನ್ ತಾಯಿಯ ತಟ್ಟೆಯಲ್ಲಿದ್ದಷ್ಟೇ ಹಾಲಿಗೆ ಇಳಿಯುತ್ತವೆ. ಇದಕ್ಕೆ ಕರ್ನಾಟಕದ್ದೇ ಒಂದು ನಿದರ್ಶನವಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇವಲ ಎದೆಹಾಲು ಕುಡಿಯುತ್ತಿದ್ದ ಎಳೆಗೂಸುಗಳು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತವಾಗಿ ಏರಿ ಪ್ರಾಣಾಪಾಯದಲ್ಲಿದ್ದುದನ್ನೂ, ಥಯಮಿನ್ ಎಂಬ ಬಿ1 ಜೀವಸತ್ವವನ್ನು ಚುಚ್ಚುಮದ್ದಿನಲ್ಲಿ ಕೊಟ್ಟಾಗ ಅವು ಬೇಗನೆ ಚೇತರಿಸಿಕೊಂಡುದನ್ನೂ ದಾಖಲಿಸಿದ್ದಾರೆ. ತಾಯಂದಿರು ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ನೆಚ್ಚಿ ಬಾಣಂತನದ ಪಥ್ಯ ಮಾಡುತ್ತಿದ್ದುದು ಇದರ ಹಿನ್ನೆಲೆ. ಇಲ್ಲಿ ತಪ್ಪಿದ್ದು ಎದೆಹಾಲಲ್ಲ, ಪಥ್ಯ. ಹೊಟ್ಟು ತೆಗೆಯದೆ ಬೀಸಿದ ಜೋಳದಲ್ಲಿ ಥಯಮಿನ್ ಉಳಿದಿರುತ್ತದೆ. ಆದ್ದರಿಂದ ಜೋಳದ ನಾಡಾದ ಬೀದರಿನಲ್ಲಿ ಬಾಣಂತಿಗೆ ರೊಟ್ಟಿಯನ್ನು ಬಿಡಿಸಿ ‘ಹಗುರ’ವೆಂದು ಬರೀ ಬಿಳಿ ಅನ್ನ ಬಡಿಸುವುದು ಲಾಭದ ಬದಲಾವಣೆಯಲ್ಲ. ಅಂಟಿನುಂಡೆ, ಉತ್ತತ್ತಿ, ಕೊಬ್ಬರಿ, ಬೆಳ್ಳುಳ್ಳಿ, ಸಬ್ಬಸಿಗೆಯ ಬಾಣಂತನದ ಊಟ ಈ ದೃಷ್ಟಿಯಿಂದ ಮೆಚ್ಚತಕ್ಕದ್ದೇ. ಬೇಳೆ ‘ವಾಯು’, ತಪ್ಪಲು ಪಲ್ಯೆ ‘ನಂಜು’, ನೀರು ‘ಶೀತ’ ಎಂದು ಕತ್ತರಿ ಹಾಕುವ ಭಾಗವನ್ನು ಮಾತ್ರ ಬಿಡಬೇಕು.

ಲೆಕ್ಕದ ಎರಡನೆಯ ಭಾಗ ವೇಳೆ, ಮತ್ತು ಕಷ್ಟವಿರುವುದು ಇಲ್ಲಿ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸುವ ಹೆಂಗಸು ಕಳೆ ತೆಗೆಯಲು, ತೊಗರಿಯ ರಾಶಿಗೆ, ಕಟ್ಟಡದ ಕೆಲಸಕ್ಕೆ ಹೋಗಲಾರಳು. ದಿನಗೂಲಿ 300 ರೂಪಾಯಿಯೆಂದು ಹಿಡಿದರೆ ಮೂರು ತಿಂಗಳು ಕೆಲಸ ತಪ್ಪಿದಾಗ ಕಳೆದುಕೊಳ್ಳುವುದು 27,000 ರೂಪಾಯಿ, ಅಂದರೆ 44 ಡಬ್ಬಿಗಳ ಬೆಲೆಗಿಂತಲೂ ಹೆಚ್ಚು; ಆದ್ದರಿಂದ ಕೂಲಿ ಕುಟುಂಬವೊಂದು ಕೂಸನ್ನು ಅಜ್ಜಿಯ ಬಳಿ ಬಿಟ್ಟು ಡಬ್ಬಿಯ ಕಡೆಗೆ ತಿರುಗಿದರೆ ಅದನ್ನು ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು 26 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತಾದರೂ ಅದರ ಫಲ ಸಿಕ್ಕಿದ್ದು ಸಂಬಳದ ನೌಕರಿಯಲ್ಲಿರುವವರಿಗೆ. ಉಳಿದವರಿಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಮೊದಲ ಮಗುವಿನ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಮೇಲಿನ ಲೆಕ್ಕದ ಪ್ರಕಾರ ಈ ಹಣ ತಾಯಿಯ ಆರು ತಿಂಗಳ ಹೆಚ್ಚುವರಿ ಊಟಕ್ಕೆ ಸರಿಹೊಂದುತ್ತದೆ. ತಪ್ಪಿದ ಕೂಲಿಗೆ ಹಿಡಿದರೆ ಮೊದಲ ಮಗುವಿನ ಹಣ ಹದಿನೇಳು ದಿನಕ್ಕೆ ಮುಗಿಯುತ್ತದೆ. ಹಾಗಾಗಿ ಅದನ್ನು ತೊಟ್ಟಿಲು ಕಾರ್ಯದ ಖರ್ಚಿಗೆ ಸೇರಿಸದೆ ಬಾಣಂತಿಯ ತಟ್ಟೆಗೇ ಮೀಸಲಿಡುವುದು ಜಾಣತನ. 2017ರ ಅಕ್ಟೋಬರ್ 2ರಂದು ರಾಜ್ಯವ್ಯಾಪಿಯಾಗಿ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಯರಿಗೂ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಅನ್ನ, ಬೇಳೆ, ಮೊಟ್ಟೆ, ಹಾಲಿನ ಊಟವನ್ನು ನಿಗದಿಮಾಡಿತು. ಆದರೆ ಹೆರಿಗೆಗೆ ತವರಿಗೆ ಹೋದ ಹೆಣ್ಣುಮಗಳ ಹೆಸರು ಗಂಡನ ಊರಿನ ಅಂಗನವಾಡಿಯಲ್ಲೇ ಉಳಿದರೆ ಊಟ ಎರಡೂ ಕಡೆ ತಪ್ಪುವ ಸಂಭವವಿರುವುದರಿಂದ, ತಾಯಿ ಮತ್ತು ಕೂಸಿನ ಆರೋಗ್ಯದ ದಾಖಲೆಯಾದ ತಾಯಿ ಕಾರ್ಡನ್ನು ತವರಿನ ಕಾರ್ಯಕರ್ತೆಗೆ ಮೊದಲೇ ತೋರಿಸುವುದು ಒಳ್ಳೆಯದು.

ಕೆಲಸಕ್ಕೆ ಮರಳಲೇಬೇಕಾದಾಗಲೂ ಹಾಲನ್ನು ಪೂರ್ತಿ ಬಿಡಬೇಕಾಗಿಲ್ಲ. ಸಾಬೂನಿನಿಂದ ತೊಳೆದ ಕೈಯಿಂದ ಸ್ಟೀಲಿನ ಬಟ್ಟಲಿಗೆ ಹಿಂಡಿ ಮುಚ್ಚಿಟ್ಟ ಎದೆಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ ಕೆಡದಿರುತ್ತದೆ. ಬೇಸಿಗೆಯಲ್ಲಿ ಅಷ್ಟು ಹೊತ್ತು ಇಡಲಾಗದು. ಅದನ್ನು ಬಾಟಲಿಯ ಬದಲು ಒಳಲೆಯಿಂದಲೋ ಚಮಚದಿಂದಲೋ ಕುಡಿಸಿದರೆ ಸೋಂಕಿನ ಅಪಾಯ ತಗ್ಗುತ್ತದೆ, ಏಕೆಂದರೆ ಒಳಲೆಯ ಮೂಲೆ ಮೂಲೆಗೂ ಬೆರಳು ತಲುಪುತ್ತದೆ, ನಿಪ್ಪಲ್ಲಿನ ಒಳಗೆ ತಲುಪುವುದಿಲ್ಲ. ವೈದ್ಯರ ಸಲಹೆಯ ಮೇರೆಗೆ ಡಬ್ಬಿ ಹಾಲೇ ಬೇಕಾದ ಕೂಸುಗಳೂ ಇವೆ. ಅವುಗಳಿಗೆ ಕುದಿಸಿ ಸ್ವಲ್ಪ ಆರಿಸಿದ, ಇನ್ನೂ 70 ಡಿಗ್ರಿಗಿಂತ ಕಡಿಮೆಯಾಗದ ನೀರಿನಲ್ಲಿ, ಡಬ್ಬಿಯ ಮೇಲೆ ಹೇಳಿದಷ್ಟೇ ಪುಡಿಯನ್ನು ಕಲಸಿ, ಉಗುರುಬೆಚ್ಚಗಾದ ಮೇಲೆ ಕುಡಿಸಿ, ಎರಡು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಬೇಕು. ಇಂಥ ಡಬ್ಬಿಗಳ ಜಾಹೀರಾತನ್ನೂ ಉಚಿತ ಮಾದರಿಗಳ ಹಂಚಿಕೆಯನ್ನೂ 1992ರ ಶಿಶು ಹಾಲು ಬದಲಿ ಪದಾರ್ಥಗಳ ಕಾಯ್ದೆಯು ನಿಷೇಧಿಸಿದೆ.

ಆರು ತಿಂಗಳಾದ ಮೇಲೆ ಲೆಕ್ಕ ಬದಲಾಗುತ್ತದೆ. ಗರ್ಭದಲ್ಲಿ ಕೂಡಿಟ್ಟುಕೊಂಡ ಕಬ್ಬಿಣಾಂಶ ಆ ಹೊತ್ತಿಗೆ ಕರಗಿರುತ್ತದೆ, ಆರರಿಂದ ಎಂಟು ತಿಂಗಳ ಕೂಸಿಗೆ ಎದೆಹಾಲಿನ ಜೊತೆಗೆ ದಿನಕ್ಕೆ 200 ಕಿಲೊಕ್ಯಾಲರಿ ಮೇಲಿನ ಊಟದಿಂದ ಸಿಗಬೇಕಾಗುತ್ತದೆ. ಹುರಿದು ಬೀಸಿದ 30 ಗ್ರಾಂ ಜೋಳ, 15 ಗ್ರಾಂ ಹೆಸರು ಬೇಳೆ ಮತ್ತು ಒಂದು ಚಮಚ ತುಪ್ಪ ಅಥವಾ ಎಣ್ಣೆ ಅಷ್ಟನ್ನು ಕೊಡುತ್ತವೆ. ಜೋಳದ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಬೇಳೆ ತುಂಬಿಕೊಡುತ್ತದೆ, ಕಬ್ಬಿಣಾಂಶಕ್ಕೆ ಮೊಟ್ಟೆಯನ್ನೂ ತಪ್ಪಲು ಪಲ್ಯೆಯನ್ನೂ ಸೇರಿಸುತ್ತ ಹೋಗಬೇಕು. ನೀರಾದ ಗಂಜಿ ಸಣ್ಣ ಹೊಟ್ಟೆಯನ್ನು ತುಂಬುತ್ತದೆಯೇ ಹೊರತು ಶಕ್ತಿ ಕೊಡದು. ಚಮಚ ಓರೆ ಮಾಡಿದರೆ ಜಾರದಷ್ಟು ಗಟ್ಟಿಯಿರಬೇಕು. ಮೊಳಕೆ ಬರಿಸಿ ಒಣಗಿಸಿ ಬೀಸಿದ ಧಾನ್ಯದ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಹೆಚ್ಚಿರುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಅಂಬಲಿ ಮುದ್ದೆಗಟ್ಟುವುದಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಮತ್ತು ಹೆಸರಿನ ಮಾಲ್ಟಿನ, ಅಂದರೆ ಇಂಥ ಮೊಳಕೆ ಹಿಟ್ಟಿನ ಮೇಲೆ ನಡೆಸಿದ ಕೆಲಸ ಇದಕ್ಕೆ ಸಂಬಂಧಿಸಿದ್ದು. ಜೋಳದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಳೆ ಜೋಳದ ಬೆಳೆ ಮೇಯ್ದ ದನ ಸಾಯುವುದನ್ನು ಇಲ್ಲಿಯ ರೈತರು ಬಲ್ಲರು. ಅದಕ್ಕೆ ಕಾರಣವಾದ, ಸೈನೈಡನ್ನು ಬಿಡುಗಡೆ ಮಾಡುವ ಡುರಿನ್ ಎಂಬ ರಾಸಾಯನಿಕವೇ ಜೋಳದ ಮೊಳಕೆಯಲ್ಲೂ ಇರುತ್ತದೆ. ಮೊಳಕೆಯ ಹಿಟ್ಟು ಬೇಕಿದ್ದರೆ ಹೆಸರು ಅಥವಾ ರಾಗಿಯನ್ನು ಬಳಸಿ, ಜೋಳವನ್ನು ಹುರಿದೇ ಬೀಸಬೇಕು. ತಾಯಿ ಕಾರ್ಡಿನಲ್ಲಿ ಕೂಸಿನ ತೂಕದ ಗೆರೆ ಎರಡು ತಿಂಗಳು ಮೇಲೇರದೆ ನಿಂತರೆ ಊಟ ಬದಲಿಸಿ ಕಾಯುತ್ತ ಕೂಡದೆ ವೈದ್ಯರಿಗೆ ತೋರಿಸಬೇಕು.