ದಾನ್‌ಶೆನ್ ಬೇರು ಮತ್ತು ರಕ್ತನಾಳದ ಒಳಪದರ

ಚೀನಾದ ಸಿಚುವಾನ್, ಶಾನ್‌ಡಾಂಗ್ ಮೊದಲಾದ ಪ್ರಾಂತ್ಯಗಳಲ್ಲಿ ಬೆಳೆಯುವ ದಾನ್‌ಶೆನ್, ತುಳಸಿ ಮತ್ತು ಪುದೀನಗಳ ಕುಟುಂಬಕ್ಕೇ ಸೇರಿದ ನೇರಳೆ ಹೂವಿನ ಗಿಡ. ಅದರ ಇಟ್ಟಿಗೆಗೆಂಪು ಬೇರನ್ನು ರಕ್ತದ ಚಲನೆಯನ್ನು ಸರಾಗಗೊಳಿಸುವ ಮೂಲಿಕೆಯೆಂದು ಪರಿಗಣಿಸಿದ ಚೀನೀ ವೈದ್ಯರು, ಎದೆನೋವಿಗೂ ಮುಟ್ಟಿನ ತೊಂದರೆಗಳಿಗೂ ಅದರ ಕಷಾಯವನ್ನು ಶತಮಾನಗಳಿಂದ ಕೊಡುತ್ತ ಬಂದಿದ್ದಾರೆ.

ಈ ಬಳಕೆಗೆ ಆಧಾರವಿದೆಯೇ ಎಂಬುದನ್ನು ಅರಿಯಲು ರಕ್ತನಾಳದ ಒಳಗೋಡೆಯನ್ನು ನೋಡಬೇಕು. ಅಲ್ಲಿ ಒಂದೇ ಜೀವಕೋಶದಷ್ಟು ದಪ್ಪದ ಎಂಡೋಥೀಲಿಯಂ ಎಂಬ ಪದರವಿದ್ದು, ಅದು ಹೊರಸೂಸುವ ನೈಟ್ರಿಕ್ ಆಕ್ಸೈಡ್ ಅನಿಲವು ನಾಳವನ್ನು ಸಡಿಲಗೊಳಿಸಿ ಹಿಗ್ಗಿಸುತ್ತದೆ; ಈ ಅನಿಲದ ಪಾತ್ರವನ್ನು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಧೂಮಪಾನ, ಮಧುಮೇಹ, ಅಧಿಕ ರಕ್ತದೊತ್ತಡಗಳಿಂದ ಈ ಕೋಶಗಳಲ್ಲಿ ಆಮ್ಲಜನಕದ ಉಗ್ರ ಅಣುಗಳು ಮಿತಿಮೀರಿದಾಗ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ, ಪದರಕ್ಕೆ ಬಿಳಿ ರಕ್ತಕಣಗಳು ಅಂಟಿಕೊಳ್ಳತೊಡಗುತ್ತವೆ, ಕಾಲಕ್ರಮದಲ್ಲಿ ಅಲ್ಲಿಯೇ ಕೊಬ್ಬು ಸೇರಿ ಗಡ್ಡೆಗಟ್ಟುತ್ತದೆ.

ದಾನ್‌ಶೆನ್ ಬೇರಿನಲ್ಲಿ ಎರಡು ಬಗೆಯ ಮುಖ್ಯ ರಾಸಾಯನಿಕಗಳಿವೆ: ನೀರಿನಲ್ಲಿ ಕರಗುವ ಸಾಲ್ವಿಯಾನಾಲಿಕ್ ಆಮ್ಲಗಳು, ಮತ್ತು ಕೊಬ್ಬಿನಲ್ಲಿ ಕರಗುವ, ಬೇರಿಗೆ ಕೆಂಪು ಬಣ್ಣ ಕೊಡುವ ಟ್ಯಾನ್‌ಶಿನೋನ್‌ಗಳು. ಹೆರಿಗೆಯ ನಂತರ ಬೇರ್ಪಟ್ಟ ಹೊಕ್ಕುಳಬಳ್ಳಿಯ ರಕ್ತನಾಳದಿಂದ ಕೋಶಗಳನ್ನು ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವುಗಳಿಗೆ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಹಾನಿಯುಂಟುಮಾಡುವ ಪ್ರಯೋಗಗಳಲ್ಲಿ, ಮೊದಲೇ ಈ ರಾಸಾಯನಿಕಗಳನ್ನು ಪಡೆದ ಕೋಶಗಳು ಕಡಿಮೆ ಸಂಖ್ಯೆಯಲ್ಲಿ ಸಾಯುತ್ತವೆ; ಉಗ್ರ ಅಣುಗಳು ತಗ್ಗುವುದಲ್ಲದೆ, ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸುವ ಅಂಟು ಪ್ರೋಟೀನುಗಳ ಉತ್ಪಾದನೆಯೂ ಇಳಿಯುತ್ತದೆ.

ಈ ಫಲಿತಾಂಶ ನಿಜಕ್ಕೂ ಆಶಾದಾಯಕವಾದರೂ ತಟ್ಟೆಯಲ್ಲಿನ ಕೋಶಕ್ಕೆ ಔಷಧವು ನೇರವಾಗಿ ತಾಗುತ್ತದೆ, ದೇಹದಲ್ಲಿ ಹಾಗಾಗುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. ಬಾಯಿಯ ಮೂಲಕ ಸೇವಿಸಿದ ಸಾಲ್ವಿಯಾನಾಲಿಕ್ ಆಮ್ಲ-ಬಿ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಅಲ್ಪ ಪ್ರಮಾಣದಲ್ಲಿ. ಆದ್ದರಿಂದ ಪ್ರಯೋಗಾಲಯದ ಪ್ರಮಾಣವು ರೋಗಿಯ ನಾಳದವರೆಗೆ ತಲುಪುತ್ತದೆಂದು ಊಹಿಸುವುದು ತಪ್ಪಾಗುತ್ತದೆ.

ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ದಾನ್‌ಶೆನ್ ಹೆಚ್ಚಿಸುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ಆ ಮಾತ್ರೆಯನ್ನು ನಿತ್ಯ ಸೇವಿಸುವವರು ಗಿಡಮೂಲಿಕೆಯೆಂಬ ನಂಬಿಕೆಯಿಂದ ಇದನ್ನೂ ಜೊತೆಗೆ ತೆಗೆದುಕೊಂಡರೆ, ನಿಲ್ಲದ ರಕ್ತಸ್ರಾವದ ಅಪಾಯವಿರುವುದರಿಂದ, ವೈದ್ಯರಿಗೆ ತಿಳಿಸದೆ ಅದನ್ನು ಆರಂಭಿಸಲೇಬಾರದು.