ಮೈದಾನವಿಲ್ಲದ ತಂಡ, ಮುಂದಿನ ಹಂಗಾಮು

ಮೈದಾನವಿಲ್ಲ, ಕೋಲಿಲ್ಲ, ಚೆಂಡೂ ಇಲ್ಲ. ಆದರೂ ಒಂದು ಹಾಕಿ ತಂಡವಿದೆ. ಅದಕ್ಕೊಬ್ಬ ವ್ಯವಸ್ಥಾಪಕನಿದ್ದಾನೆ. ಬರಲಿರುವ ಹಂಗಾಮಿನಲ್ಲಿ ತನ್ನ ತಂಡ ಎಷ್ಟನೆಯ ಸ್ಥಾನಕ್ಕೆ ಏರೀತು, ಯಾವ ಆಟಗಾರನನ್ನು ಬಿಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂದು ಆತ ನಡುರಾತ್ರಿಯವರೆಗೆ ಲೆಕ್ಕ ಹಾಕುತ್ತಾನೆ. ಆ ವ್ಯವಸ್ಥಾಪಕ ನಮ್ಮ ನಿಮ್ಮ ಮನೆಯ ಹುಡುಗನೇ ಆಗಿರಬಹುದು. ಪಡಸಾಲೆಯ ಕಂಬಕ್ಕೊರಗಿ ಮೊಬೈಲಿನಲ್ಲಿ ಮುಳುಗಿದ ಮೊಮ್ಮಗನನ್ನು ಕಂಡು, "ಏನ ಆಡಾಕತ್ತಿಯೋ ತಮ್ಮಾ, ಜೂಜಲ್ಲ ಹೌದಿಲ್ಲೋ?" ಎಂದು ಕೇಳುವ ಅಜ್ಜಿಯರು ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿಯೂ ಇದ್ದಾರೆ, ತಿಕೋಟಾ, ಬಬಲೇಶ್ವರಗಳಲ್ಲಿಯೂ ಇದ್ದಾರೆ. ಪ್ರಶ್ನೆ ಯೋಗ್ಯವಾದುದು. ಸಿಟ್ಟಿನಿಂದಲ್ಲದೆ ವಿವೇಚನೆಯಿಂದ ಉತ್ತರಿಸಬೇಕಾದುದು.

ಸಿಮ್ಯುಲೇಶನ್ ಲೀಗ್ ಎಂದರೆ ಅನುಕರಣೆಯ ಪಂದ್ಯಾವಳಿ. ಹತ್ತಾರು ಊರುಗಳ ಹತ್ತಾರು ಜನ ಸೇರಿ ಒಬ್ಬೊಬ್ಬರು ಒಂದೊಂದು ತಂಡದ ಒಡೆತನ ವಹಿಸಿಕೊಳ್ಳುತ್ತಾರೆ. ಪ್ರತಿಯೊಬ್ಬ ಆಟಗಾರನ ವೇಗ, ಹಿಡಿತ, ದಣಿವು ತಾಳುವ ಶಕ್ತಿ, ವಯಸ್ಸು ಇವಕ್ಕೆಲ್ಲ ಅಂಕೆಗಳಿರುತ್ತವೆ. ಪಂದ್ಯವನ್ನು ಆಡುವುದು ಗಣಕಯಂತ್ರ. ಅಂಕೆಗಳೊಡನೆ ಒಂದಿಷ್ಟು ಆಕಸ್ಮಿಕವನ್ನೂ ಬೆರೆಸಿ ಅದು ಫಲಿತಾಂಶ ಹೇಳುತ್ತದೆ. ಇದರ ಮೂಲ ಗಣಕಯಂತ್ರಕ್ಕಿಂತ ಹಿಂದಿನದು. ಅಮೆರಿಕದ ಹಾಲ್ ರಿಚ್‌ಮನ್ ಎಂಬವರು ಬಾಲ್ಯದಲ್ಲಿಯೇ ದಾಳ ಮತ್ತು ಚೀಟಿಗಳಿಂದ ಬೇಸ್‌ಬಾಲ್ ಆಡುವ ಕ್ರಮವೊಂದನ್ನು ಕಲ್ಪಿಸಿಕೊಂಡು, ಮುಂದೆ 1961ರಲ್ಲಿ ಅದನ್ನು 'ಸ್ಟ್ರಾಟ್-ಓ-ಮ್ಯಾಟಿಕ್' ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ನಮ್ಮ ಪಗಡೆಯ ದಾಳವೇ ಅಲ್ಲಿಯೂ ಕೆಲಸ ಮಾಡಿತೆಂಬುದು ಸ್ವಾರಸ್ಯದ ಸಂಗತಿ.

ಹಾಕಿಯ ಇಂಥ ಲೀಗುಗಳಲ್ಲಿ ಹೆಚ್ಚಿನವು ಕೆನಡಾ, ಅಮೆರಿಕಗಳ ಐಸ್ ಹಾಕಿಯನ್ನು ಅನುಸರಿಸುತ್ತವೆ. ನಾವು ಬಲ್ಲ ಹಾಕಿಯಲ್ಲಿ ಪಕ್ಷಕ್ಕೆ ಹನ್ನೊಂದು ಜನ. ಅಲ್ಲಿ ಮಂಜುಗಡ್ಡೆಯ ಮೇಲೆ ಒಂದು ಹೊತ್ತಿಗೆ ಇಳಿಯುವವರು ಆರೇ ಜನ. ನಮ್ಮ ಭಾಗಕ್ಕೆ ಕುಸ್ತಿ, ಸೈಕಲ್ ಓಟಗಳ ರುಚಿ ಹತ್ತಿದಷ್ಟು ಹಾಕಿಯ ರುಚಿ ಹತ್ತಿಲ್ಲ. ಕನ್ನಡ ನಾಡಿನಲ್ಲಿ ಹಾಕಿಯ ತವರು ಕೊಡಗು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಮನೆತನಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ ತಂಡಗಳ ಸಂಖ್ಯೆ 360ಕ್ಕೆ ಏರಿತ್ತು. ಅಲ್ಲಿ ಒಂದು ಮನೆತನವೇ ಒಂದು ತಂಡ, ಹೆಣ್ಣುಮಕ್ಕಳೂ ಕೋಲು ಹಿಡಿದು ಇಳಿಯುತ್ತಾರೆ. ಮುಂದಿನ ವರ್ಷ ತಂಡ ಹೇಗಿದ್ದೀತೆಂಬುದು ದೂರದ ಊರಿನ ಅಣ್ಣತಮ್ಮಂದಿರಿಗೆ ರಜೆ ಸಿಕ್ಕುವುದರ ಮೇಲೂ ನಿಂತಿರುತ್ತದೆ. ಅನುಕರಣೆಯ ಲೀಗಿನ ಆಟಗಾರನಿಗೆ ರಜೆಯ ತೊಂದರೆಯಿಲ್ಲ, ಅಷ್ಟೇ ವ್ಯತ್ಯಾಸ!

ಹಾಗಾದರೆ ಇಲ್ಲದ ತಂಡವೊಂದರ ಭವಿಷ್ಯವನ್ನು ಅಳೆಯುವುದು ಹೇಗೆ? ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಚಾಟ್ನಿಯಲ್ಲಿ ಅವರು ಹಣ್ಣನ್ನು ಕಾಣದೆಯೇ ಬಳ್ಳಿಗೆ ಕತ್ತರಿ ಹಾಕುತ್ತಾರೆ. ಆ ಬಳಿಕ ಬಂದ ಕಡ್ಡಿಯ ಕಣ್ಣಿನೊಳಗೆ ಗೊನೆ ಕಟ್ಟುವ ಶಕ್ತಿ ಸದ್ದಿಲ್ಲದೆ ಸೇರುತ್ತದೆ. ಅಕ್ಟೋಬರ್ ಚಾಟ್ನಿಯಾದ ಮೇಲಷ್ಟೇ ಹೂವು, ಕಾಯಿ, ಪೇಟೆ. ಬುದ್ಧಿವಂತ ವ್ಯವಸ್ಥಾಪಕನ ಕೆಲಸವೂ ಇಂಥದೇ. ಕಳೆದ ಹಂಗಾಮಿನಲ್ಲಿ ಗೋಲುಗಳ ಸುರಿಮಳೆಗರೆದ, ಆದರೆ ಮೂವತ್ತೈದು ದಾಟಿದ ಆಟಗಾರನನ್ನು ಬೆಲೆ ಇರುವಾಗಲೇ ಬಿಟ್ಟುಕೊಟ್ಟು, ಹೆಸರಿಲ್ಲದ ಹದಿನೆಂಟರ ಹುಡುಗನನ್ನು ತಂದು ಕೂರಿಸುತ್ತಾನೆ. ಆ ವರ್ಷ ಸೋಲು ಖಂಡಿತ. ಉಳಿದವರ ನಗೆಯನ್ನೂ ಸಹಿಸಬೇಕು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಬಂದ ದನಗಳ ಸಂತೆಯಲ್ಲಿ ಹಿರಿಯ ಒಕ್ಕಲಿಗನು ಹೋರಿಯ ಬಾಯಿ ತೆರೆದು ಹಲ್ಲು ಎಣಿಸುವುದು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುವುದು ಇದೇ ವಿದ್ಯೆ. ಮೈಮೇಲಿನ ಹೊಳಪಿಗೆ ಬೆಲೆ ಕಟ್ಟುವವನು ಹೊಸಬ.

ಐಸ್ ಹಾಕಿಯಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಅನುಕರಣೆಯ ಲೀಗುಗಳೂ ಅದನ್ನು ಪಾಲಿಸುವುದುಂಟು. ಕೊನೆಯ ಸ್ಥಾನದಲ್ಲಿ ಉಳಿದ ತಂಡಕ್ಕೆ ಹೊಸ ಪ್ರತಿಭೆಯನ್ನು ಮೊದಲು ಆರಿಸುವ ಅವಕಾಶ ಹೆಚ್ಚು. ಆದ್ದರಿಂದ ಬೇಕೆಂದೇ ಸೋಲುವವರು ಹುಟ್ಟಿಕೊಂಡರು. ಅದನ್ನು ತಡೆಯಲು ಚೀಟಿ ಎತ್ತುವ ನಿಯಮ ತರಬೇಕಾಯಿತು. ದುರ್ಬಲನಿಗೆ ಕೈನೀಡುವ ನಿಯಮದಲ್ಲಿಯೂ ಕಳ್ಳದಾರಿ ಹುಡುಕುವ ಮನುಷ್ಯಸ್ವಭಾವ ಆಟಕ್ಕಷ್ಟೇ ಸೀಮಿತವೇನಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಒಂದು ದಿನದ ಪಂದ್ಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. 2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲಿನಲ್ಲಿ ಬ್ರಿಟನ್ ವಿರುದ್ಧ ಆಡುತ್ತಿದ್ದ ಭಾರತದ ಅಮಿತ್ ರೋಹಿದಾಸ್ ಎರಡನೆಯ ಕಾಲುಭಾಗದಲ್ಲಿಯೇ ಕೆಂಪು ಚೀಟಿ ಪಡೆದು ಹೊರನಡೆದರು. ಉಳಿದ ಹತ್ತು ಜನ ನಲವತ್ತಕ್ಕೂ ಹೆಚ್ಚು ನಿಮಿಷ ಹೋರಾಡಿ 1-1ರ ಸಮಬಲ ಕಾಯ್ದುಕೊಂಡರು. ಶೂಟೌಟಿನಲ್ಲಿ 4-2ರಿಂದ ಗೆದ್ದರು. ಹತ್ತು ಜನ ಗೆಲ್ಲುತ್ತಾರೆಂದು ಆ ಹೊತ್ತಿನಲ್ಲಿ ಯಾವ ಅಂಕೆ ಹೇಳುತ್ತಿತ್ತು? ಇನ್ನು ಕ್ರಿಕೆಟಿನಲ್ಲಿ ನಮ್ಮೂರಿನದೇ ಉದಾಹರಣೆ ಉಂಟು. 2017ರ ಮಹಿಳಾ ವಿಶ್ವಕಪ್ಪಿನಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರಿಗೆ ಮೊದಲ ಪಂದ್ಯಗಳಲ್ಲಿ ಸ್ಥಾನವೇ ದೊರೆತಿರಲಿಲ್ಲ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು ಅವಕಾಶ ಸಿಕ್ಕಾಗ 15 ರನ್ನಿಗೆ 5 ವಿಕೆಟ್ ಕಿತ್ತು ತಂಡವನ್ನು ಸೆಮಿಫೈನಲಿಗೆ ಒಯ್ದರು. ಹಿಂದಿನ ಪಂದ್ಯಗಳ ಅಂಕೆ ನೋಡಿ ತಂಡ ಆರಿಸಿದವರು ಅವರನ್ನು ಬಿಟ್ಟೇ ಇರುತ್ತಿದ್ದರು.

ಋತುವಿನ ಉದ್ದಕ್ಕೂ ವಿವೇಕ ಫಲಿಸುತ್ತದೆ, ಒಂದು ರಾತ್ರಿಯಲ್ಲಿ ಆಕಸ್ಮಿಕವೇ ಮೇಲಾಗುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕಬೇಕಾದುದು ಈ ಅಂತರದಲ್ಲಿ. ಪ್ರತಿರೂಪದ ಹಾಕಿ ಲೀಗಿನಲ್ಲಿ ಫಲಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ಪಣವಿಲ್ಲದ ಕಡೆ ಕಳೆದುಕೊಳ್ಳುವುದು ಹೊತ್ತನ್ನು ಮಾತ್ರ. ಅದರ ದಾಯಾದಿಯಂತೆ ಬೆಳೆದ ಹಣದ ಫ್ಯಾಂಟಸಿ ಆಟ ಬೇರೆ ಜಾತಿಯದು. ಅಲ್ಲಿ ನಿಜವಾದ ಆಟಗಾರರ ಹೆಸರು ಆರಿಸಿ, ಪ್ರವೇಶಶುಲ್ಕ ಕಟ್ಟಿ, ಅದೇ ರಾತ್ರಿಯ ಪಂದ್ಯಕ್ಕೆ ಬಹುಮಾನ ಕಾಯುವುದು. ನಾಳೆ ಮತ್ತೊಂದು ಪಂದ್ಯ, ಮತ್ತೆ ಶುಲ್ಕ.

"ಇದು ಕೌಶಲದ ಆಟ, ಜೂಜಲ್ಲ" ಎಂಬುದು ಆ ಉದ್ಯಮದ ವಾದವಾಗಿತ್ತು. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ 2017ರಲ್ಲಿ ಆ ವಾದವನ್ನು ಒಪ್ಪಿತು. ನಮ್ಮ ರಾಜ್ಯ ಸರ್ಕಾರ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ಆ ನಿಷೇಧದ ವಿಧಿಗಳನ್ನು ರದ್ದುಗೊಳಿಸಿತು. ನ್ಯಾಯಾಲಯಗಳ ತರ್ಕಕ್ಕೆ ಕಾನೂನಿನ ಆಧಾರವಿದೆ, ಅದನ್ನು ಹಗುರಾಗಿ ಕಾಣಲಾಗದು. ಆದರೆ ಭಾರತ ಕಥೆಯನ್ನು ಓದಿದವರಿಗೆ ಒಂದು ಸಂಶಯ ಉಳಿದೇ ಉಳಿಯುತ್ತದೆ. ಶಕುನಿಗಿಂತ ಕುಶಲನಾದ ಆಟಗಾರ ಯಾರಿದ್ದ? ಅವನ ಕೌಶಲದಿಂದ ಅದು ಜೂಜಾಗದೆ ಹೋಯಿತೇ? ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕೌಶಲವಿದ್ದು, ಮತ್ತೊಬ್ಬನಿಗೆ ಆಸೆ ಮಾತ್ರ ಇದ್ದಲ್ಲಿ ಜೂಜು ಮತ್ತಷ್ಟು ಕ್ರೂರವಾಗುತ್ತದೆ.

ಇದೇ ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನೂ ನೆನೆಯಬಹುದು. ಓಡುವ ರಥದಿಂದಲೇ ತಾರೆಯ ಮರವೊಂದನ್ನು ನೋಡಿ ಋತುಪರ್ಣರಾಜ ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ಹೇಳುತ್ತಾನೆ. ಸಾರಥಿಯ ವೇಷದ ನಳ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಿರುತ್ತದೆ. ಇಂದಿನ ಸಂಖ್ಯಾಶಾಸ್ತ್ರದ ಅಂದಾಜಿಗೆ ಇದು ಎಷ್ಟು ಹತ್ತಿರದ ಕಲ್ಪನೆ! ಆ ಅಕ್ಷಹೃದಯ ವಿದ್ಯೆಯನ್ನು ನಳ ಕಲಿತುದು ರಾಜ್ಯ, ಮಡದಿ, ಮಕ್ಕಳಿಂದ ದೂರವಾಗಿ ಬಹುಕಾಲ ಬವಣೆಪಟ್ಟ ಮೇಲೆ. ನಮ್ಮ ತರುಣರು ಸಂಖ್ಯೆಯ ವಿದ್ಯೆಯನ್ನು ಪಣವಿಲ್ಲದ ಹಾಕಿ ಲೀಗಿನಲ್ಲಿ ಮೊದಲೇ ಕಲಿತರೆ ತಪ್ಪೇನು? ನನಗೇನೋ ತಪ್ಪು ಕಾಣದು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆ ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನೇ ಬದಿಗಿಟ್ಟಿತು. ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟ ಯಾವುದಾದರೂ ಸರಿ, ಅದನ್ನು ನಡೆಸುವುದು ಅಪರಾಧ: 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ನೀಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಪಣವಿಲ್ಲದ ಸಾಮಾಜಿಕ ಆಟಗಳನ್ನೂ ಇ-ಕ್ರೀಡೆಯನ್ನೂ ಕಾಯಿದೆ ಬೇರೆಯಾಗಿಯೇ ಗುರುತಿಸಿದೆ. ವರ್ಷಕ್ಕೆ ಸುಮಾರು 45 ಕೋಟಿ ಜನ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರೆಂಬುದು ಆಗ ಸರ್ಕಾರ ಮುಂದಿಟ್ಟ ಅಂದಾಜು. ಕಾಯಿದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲೊಂದು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೇ ದಾಖಲಾಯಿತು. ಬಳಿಕ ಅವೆಲ್ಲ ಸರ್ವೋಚ್ಚ ನ್ಯಾಯಾಲಯಕ್ಕೆ ವರ್ಗವಾದವು.

ಕಾಯಿದೆ ಬಂದ ಮಾತ್ರಕ್ಕೆ ಚಟ ಬಿಡುವುದಿಲ್ಲವೆಂಬುದನ್ನು ಮನೆಯ ಹಿರಿಯರು ಬಲ್ಲರು. ಪರದೇಶದಿಂದ ನಡೆಯುವ ಆಟಗಳು ಬೇರೆ ಬೇರೆ ಹೆಸರಿನಿಂದ ಮೊಬೈಲಿಗೆ ಬರುತ್ತಲೇ ಇರುತ್ತವೆ. ಆದಕಾರಣ ಹುಡುಗನ ಕೈಯಿಂದ ಮೊಬೈಲು ಕಸಿಯುವ ಮುನ್ನ ಪಕ್ಕದಲ್ಲಿ ಕುಳಿತು, ಅವನ ತಂಡದ ಗೋಲ್‌ಕೀಪರ್ ಯಾರು, ಮುಂದಿನ ಹಂಗಾಮಿಗೆ ಯಾರನ್ನು ಉಳಿಸಿಕೊಳ್ಳುವ ವಿಚಾರವಿದೆ ಎಂದು ಕೇಳಿ ನೋಡಿರಿ. ಹಾಕಿ ಲೀಗಿನ ಹುಡುಗ ಅರ್ಧ ತಾಸು ಹೇಳಿಯಾನು. ಆಟದೊಳಗೆ ಹಣ ಕಟ್ಟುವ ಕಿಟಕಿಯಿದ್ದರೆ, ಫಲ ಇಂದು ರಾತ್ರಿಯೇ ಬರುವುದಾದರೆ, ಕೇಳಿದೊಡನೆ ಆತ ಪರದೆಯನ್ನು ಮುಚ್ಚಿದರೆ ಮಾತು ಬೇರೆಯಾಯಿತು.

ಹಾಗೆ ಸಾಲಕ್ಕೆ ಸಿಲುಕಿದ ಮಗನ ಸುದ್ದಿಯನ್ನು ಮರ್ಯಾದೆಗಂಜಿ ಮುಚ್ಚಿಡುವ ಮನೆಗಳೇ ಹೆಚ್ಚು. ಆಡಿದವನಿಗೆ ಈ ಕಾಯಿದೆಯಲ್ಲಿ ಶಿಕ್ಷೆಯಿಲ್ಲ, ಅದು ನಡೆಸಿದವರನ್ನು ಹಿಡಿಯುವ ಕಾಯಿದೆ ಎಂಬುದನ್ನು ಇಂಥ ಮನೆಯವರು ಅವಶ್ಯವಾಗಿ ತಿಳಿದಿರಬೇಕು. ವಂಚನೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬಹುದು. ಮನಸ್ಸು ಕುಗ್ಗಿದವರಿಗೆ 'ಟೆಲಿ ಮಾನಸ್' ಸೇವೆಯ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮೊಬೈಲ್ ಮತ್ತು ಆಟಗಳ ಚಟಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 'ಶಟ್' ಎಂಬ ಚಿಕಿತ್ಸಾಲಯವಿದೆ. ಮಗನೊಡನೆ ತಂದೆತಾಯಿಗಳೂ ಕೂಡಿ ಹೋಗುವುದು ಲೇಸು.